ಕರಿಬೇವಿನಲ್ಲಿ ಉಳಿದ ಕೋನಿಗ್, ಎಲ್ಲೂ ಉಳಿಯದ ಹುತ್ತದ ಜನ

ನಮ್ಮ ರೋಣದ ಮನೆಗಳಲ್ಲಿ ದಿನಾ ಒಗ್ಗರಣೆಗೆ ಬೀಳುವ ಕರಿಬೇವಿನ ವೈಜ್ಞಾನಿಕ ಹೆಸರು ಮುರ್ರಾಯಾ ಕೋನಿಗಿ. ಯಾರಪ್ಪಾ ಈ ಕೋನಿಗ್ ಅಂತ ಹುಡುಕುತ್ತಾ ಹೋದ ನಾನು ಬಂದು ನಿಂತದ್ದು ಗೆದ್ದಲಿನ ಹುತ್ತದ ಮುಂದೆ.

ಯೋಹಾನ್ ಗೆರ್ಹಾರ್ಡ್ ಕೋನಿಗ್ ಹುಟ್ಟಿದ್ದು 1728ರಲ್ಲಿ, ಇಂದಿನ ಲಾಟ್ವಿಯಾದಲ್ಲಿ. ಸ್ವೀಡನ್ನಿನ ಲಿನೇಯಸ್‌ನ ಶಿಷ್ಯ. 1768ರಲ್ಲಿ ಡೇನರ ವಸಾಹತು ತರಂಗಂಬಾಡಿಗೆ ವೈದ್ಯನಾಗಿ ಬಂದ. ಸಂಬಳ ಸಾಲದೆ 1774ರಲ್ಲಿ ಆರ್ಕಾಟಿನ ನವಾಬನ ನೌಕರಿ ಹಿಡಿದ. 1778ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇರಿದ. ಕಂಪನಿಗೆ ಗಿಡಗಳೆಂದರೆ ವ್ಯಾಪಾರ, ಇವನಿಗೆ ಹುಚ್ಚು.

ತಂಜಾವೂರಿನಲ್ಲಿ ಅವನು ಗೆದ್ದಲಿನ ಬೆನ್ನು ಹತ್ತಿದ. 1779ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವನ ಬರಹದಲ್ಲಿ ಗೂಡಿನೊಳಗೆ ಬೆಳೆಯುವ ಅಣಬೆಯ ವಿಷಯವೂ ಇದೆ. ಹುತ್ತ ಕಟ್ಟುವ ಗೆದ್ದಲಿಗೆ ಕಟ್ಟಿಗೆಯ ಗಟ್ಟಿ ನಾರು ತಾನಾಗಿ ಪೂರ್ತಿ ಅರಗಲ್ಲ. ಒಣ ಎಲೆ, ಕಟ್ಟಿಗೆ, ಕೂಳೆ ತಿಂದು, ಅರೆಬರೆ ಅರಗಿದ ಹಿಕ್ಕೆಯಿಂದ ಒಳಗೆ ಸ್ಪಂಜಿನಂಥ ಗಡ್ಡೆ ಕಟ್ಟುತ್ತದೆ. ಅದರ ಮೇಲೆ ಬೆಳೆಯುವ ಅಣಬೆ ಆ ನಾರನ್ನು ಒಡೆದು ಮೆತ್ತಗೆ ಮಾಡುತ್ತದೆ. ಅಣಬೆಯ ರವೆಯಂಥ ಬಿಳಿ ಗಂಟುಗಳನ್ನೂ ಹಳೇ ಗಡ್ಡೆಯನ್ನೂ ಗೆದ್ದಲು ತಿನ್ನುತ್ತದೆ. ಅಣಬೆಗೆ ಸಿಗೋದು ಹದವಾದ ತೇವ, ಮೇವು, ಜೊತೆಗೆ ಬೇರೆ ಬೂಷ್ಟು ಬೆಳೆಯದಂತೆ ಕಳೆ ತೆಗೆಯುವ ಆಳುಗಳು. ಇಂಜಿನಿಯರಿಂಗ್ ಓದುವಾಗ ಇಂಥ ಅಚ್ಚುಕಟ್ಟಾದ ಘಟಕ ನಾನು ಒಂದೂ ನೋಡಿರಲಿಲ್ಲ. ನಾಗರ ಪಂಚಮಿಗೆ ನಾವು ಹಾಲೆರೆಯೋದು ಇದೇ ತೋಟದ ಮೇಲೆ.

ರೆಕ್ಕೆ ಬಂದ ಗೆದ್ದಲನ್ನು ಹೊಗೆ ಹಾಕಿ ಎಬ್ಬಿಸಿ, ಮಡಕೆಯಲ್ಲಿ ಹಿಡಿದು, ಹಿಟ್ಟಿನ ಜೊತೆ ಬೇಯಿಸಿ ಬಡವರಿಗೆ ಅಗ್ಗಕ್ಕೆ ಮಾರುವ ಬಗೆಯನ್ನೂ ಕೋನಿಗ್ ದಾಖಲಿಸಿದ. ಅಂದ್ರೆ ಯಾವ ಹುತ್ತ ಯಾವಾಗ ಬಾಯಿ ಬಿಡುತ್ತದೆ ಅಂತ ಅವನಿಗಿಂತ ಮುಂಚೆ ಬಲ್ಲವರು ಅಲ್ಲಿದ್ದರು. ಅವರಿಗೆ ಅದು ಹೊಟ್ಟೆಪಾಡು, ವಿಜ್ಞಾನಕ್ಕೆ ಅದು ಮಾಹಿತಿ.

ಹೆಸರು ಇಡುವ ಅಧಿಕಾರ ಮಾತ್ರ ಬೇರೆಯವರ ಕೈಯಲ್ಲಿತ್ತು. 1771ರಲ್ಲಿ ಲಿನೇಯಸ್ ಕರಿಬೇವಿಗೆ ಶಿಷ್ಯನ ಹೆಸರಿಟ್ಟ. ಆ ಅಣಬೆ ಕುಲಕ್ಕೆ 1942ರಲ್ಲಿ ಟರ್ಮಿಟೋಮೈಸಿಸ್ ಅಂತ ಹೆಸರು ಕೊಟ್ಟವನು ಫ್ರಾನ್ಸಿನ ರೋಜರ್ ಹೈಮ್. ಮಡಕೆ ಹಿಡಿದು ಹುತ್ತದ ಮುಂದೆ ಕೂತವರ ಹೆಸರು ಗಿಡದಲ್ಲೂ ಇಲ್ಲ, ಅಣಬೆಯಲ್ಲೂ ಇಲ್ಲ.

ಹಾಗಂತ ಕೋನಿಗ್‌ನನ್ನು ಕಳ್ಳ ಅನ್ನೋಕೆ ನಾನು ತಯಾರಿಲ್ಲ. ಕಂಡದ್ದನ್ನು ಕಂಡ ಹಾಗೆ, ಬಡವರ ಊಟವನ್ನೂ ಬಿಡದೆ ಬರೆದವನು ಅವನು. 1785ರಲ್ಲಿ ಕಾಕಿನಾಡದ ಹತ್ತಿರದ ಜಗನ್ನಾಥಪುರದಲ್ಲಿ ಆಮಶಂಕೆಯಿಂದ ತೀರಿಕೊಂಡ. ಕೊನೆಗಾಲದಲ್ಲಿ ನೋಡಿಕೊಂಡವನು ವಿಲಿಯಂ ರಾಕ್ಸ್‌ಬರ್ಗ್. ಕಾಗದಪತ್ರಗಳೆಲ್ಲ ಅವನ ಇಚ್ಛೆಯಂತೆ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಪಾಲಾದವು.