ವಾಯಿದೆ ತಪ್ಪದ ಗಡಿಯಾರಗಾರ ಕಿಂತಾರೋ ಹತ್ತೋರಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗನು. ನಮ್ಮ ತಾತನಿಗೆ ಗಡಿಯಾರದ ಹಂಗೇ ಇರಲಿಲ್ಲ. ಕೋಳಿ ಕೂಗಿದಾಗ ಏಳುವುದು, ಹೊತ್ತು ಮಾರುದ್ದ ಏರುವುದರೊಳಗೆ ಹೊಲ ಸೇರುವುದು, ನೆತ್ತಿಗೆ ಬಂದಾಗ ಬುತ್ತಿ ಬಿಚ್ಚುವುದು; ಇಷ್ಟೇ ಆತನ ಲೆಕ್ಕ. ನಮ್ಮ ತಂದೆಯವರು ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ ಮೇಲೆ, ಯಾರೋ ಬಳಸಿ ಬಿಟ್ಟ ಎಚ್.ಎಂ.ಟಿ. ಜನತಾ ಕೈಗಡಿಯಾರವೊಂದನ್ನು ಕೊಂಡರು. ಪರೀಕ್ಷೆಯ ಕೊಠಡಿಗೆ ಮೊಬೈಲನ್ನು ಒಯ್ಯುವಂತಿಲ್ಲವಷ್ಟೆ. ಆದುದರಿಂದ ನಾನು ಬಿ.ಎ.ಗೆ ಸೇರಿದ ವರ್ಷ ಅದನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದರು.

ಕಳೆದ ವರ್ಷ ಪರೀಕ್ಷೆಗೆ ನಾಲ್ಕು ದಿನಗಳಿರುವಾಗ ಆ ಗಡಿಯಾರ ನಿಂತುಹೋಯಿತು. ಬಸ್ ನಿಲ್ದಾಣದ ಬಳಿ ಒಂದು ಸಣ್ಣ ಗೂಡಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಅಜ್ಜನೊಬ್ಬರಿದ್ದಾರೆ. ಅವರು ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಒಂದೊಂದೇ ಚಕ್ರವನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಮೂರನೆಯ ದಿನಕ್ಕೆ ಅದನ್ನು ನಡೆಯುವಂತೆ ಮಾಡಿಕೊಟ್ಟರು. ಕೂಲಿ ನೂರೈವತ್ತು ರೂಪಾಯಿ. ವಿದ್ಯಾರ್ಥಿವೇತನ ಬಂದ ಕೂಡಲೆ ಕೊಡುವೆನೆಂದು ನಾನು ಹೇಳಿದೆನು. ಅವರು ತಲೆಯಾಡಿಸಿದರು. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಗಳ ಕೆಲಸವನ್ನು ಕೈಗೊಂಡಿತೆಂಬುದನ್ನೂ, ಜಪಾನೀಯರಿಗೆ ಈ ವಿದ್ಯೆಯ ದಾರಿಯನ್ನು ಹಾಕಿಕೊಟ್ಟವನು ಸಿಟಿಜನ್ನಿಗಿಂತ ಹಿಂದಿನವನಾದ ಹತ್ತೋರಿ ಎಂಬ ಬೇರೊಬ್ಬ ಮಹಾಶಯನೆಂಬುದನ್ನೂ ಆ ದಿನ ಅವರೇ ನನಗೆ ತಿಳಿಸಿದರು. ಆ ಹೆಸರಿನ ಬೆನ್ನುಹತ್ತಿ ನಾನು ಓದಿ ತಿಳಿದುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ನೂರೈವತ್ತು ರೂಪಾಯಿಯ ಮಾತನ್ನು ಕೊನೆಯಲ್ಲಿ ಹೇಳುವೆನು.

ಕಿಂತಾರೋ ಹತ್ತೋರಿಯು ಹುಟ್ಟಿದುದು 1860ರಲ್ಲಿ, ಇಂದು ಟೋಕಿಯೊ ಎನಿಸಿಕೊಂಡಿರುವ ಎದೋ ನಗರದ ಕ್ಯೋಬಾಶಿ ಎಂಬ ಭಾಗದಲ್ಲಿ. ತಂದೆ ಹಳೆಯ ಸಾಮಾನುಗಳನ್ನು ಕೊಂಡು ಮಾರುವ ಸಣ್ಣ ವ್ಯಾಪಾರಿ. ಕಿಂತಾರೋ ಅವನ ಒಬ್ಬನೇ ಮಗ. ಆ ಕಾಲದ ಜಪಾನಿನಲ್ಲಿ ಹೊತ್ತಿನ ಲೆಕ್ಕವೇ ಬೇರೆಯಾಗಿತ್ತು. ಬೆಳಗಿನಿಂದ ಬೈಗಿನವರೆಗೆ ಆರು ಪಾಲು, ಬೈಗಿನಿಂದ ಬೆಳಗಿನವರೆಗೆ ಆರು ಪಾಲು. ಬೇಸಗೆಯಲ್ಲಿ ಹಗಲಿನ ಪಾಲು ಹಿಗ್ಗುವುದು, ಚಳಿಗಾಲದಲ್ಲಿ ಕುಗ್ಗುವುದು. ಹೀಗೆ ಹಿಗ್ಗಿ ಕುಗ್ಗುವ ಕಾಲವನ್ನು ಒಂದೇ ಸಮನೆ ನಡೆಯುವ ಯಂತ್ರದಿಂದ ತೋರಿಸುವುದು ಸಾಮಾನ್ಯವಾದ ಕೆಲಸವೇ? ಅಲ್ಲಿನ ಕುಶಲಕರ್ಮಿಗಳು ತೂಕದ ಗುಂಡುಗಳನ್ನು ಋತುಮಾನಕ್ಕೆ ತಕ್ಕಂತೆ ಸರಿಸಿ ಅದನ್ನೂ ಸಾಧಿಸಿದ್ದರು. ಹಿಸಾಶಿಗೆ ತನಾಕಾ ಎಂಬ ಯಂತ್ರಶಿಲ್ಪಿಯಂತೂ 1851ರಲ್ಲಿ ಆರು ಮುಖಗಳ ಗಡಿಯಾರವೊಂದನ್ನು ಕಟ್ಟಿ, ಈ ಬದಲಾವಣೆ ತಾನಾಗಿಯೇ ಆಗುವಂತೆ ಮಾಡಿದ್ದನು. ಆದುದರಿಂದ ಜಪಾನೀಯರ ಬೆರಳುಗಳಿಗೆ ಸೂಕ್ಷ್ಮವಾದ ಕೆಲಸವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಆದರೆ ಕಿಂತಾರೋ ಬಾಲಕನಾಗಿದ್ದಾಗಲೇ ಕಾಲದ ಅಳತೆ ಬದಲಾಯಿತು. ಸರಕಾರವು ಹಳೆಯ ಪಂಚಾಂಗವನ್ನು ಕೈಬಿಟ್ಟು, 1873ರ ಜನವರಿ 1ರಿಂದ ಪಾಶ್ಚಾತ್ಯ ಪಂಚಾಂಗವನ್ನೂ ದಿನಕ್ಕೆ ಇಪ್ಪತ್ತನಾಲ್ಕು ಸಮನಾದ ಗಂಟೆಗಳ ಲೆಕ್ಕವನ್ನೂ ಜಾರಿಗೆ ತಂದಿತು. ಹಿಂದಿನ ಗಡಿಯಾರಗಳೆಲ್ಲ ಒಮ್ಮೆಗೇ ನಿರುಪಯುಕ್ತವಾದವು. ರೈಲು, ಶಾಲೆ, ಕಚೇರಿಗಳೆಲ್ಲ ಹೊಸ ಗಂಟೆಗೆ ನಡೆಯತೊಡಗಿದವು. ಅದನ್ನು ತೋರಿಸುವ ಗಡಿಯಾರಗಳು ಮಾತ್ರ ಪರದೇಶದಿಂದಲೇ ಬರಬೇಕಾಗಿತ್ತು.

ಕಿಂತಾರೋ ಸುಮಾರು ಹನ್ನೊಂದು ವರ್ಷದವನಾದಾಗ, ವಿಲಾಯತಿ ಸಾಮಾನುಗಳನ್ನು ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತನು. ನಾವು ಆ ವಯಸ್ಸಿನಲ್ಲಿ ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದೆವೆಂಬುದನ್ನು ನೆನೆಯಬೇಕು. ಸಮೀಪದಲ್ಲಿಯೇ ಒಂದು ಗಡಿಯಾರದ ಅಂಗಡಿಯಿತ್ತು. ಮಳೆ ಬಂದ ದಿನ ಗಿರಾಕಿಗಳಿಲ್ಲದೆ ತನ್ನ ಯಜಮಾನನ ಅಂಗಡಿಯವರು ಸುಮ್ಮನೆ ಕುಳಿತಿರುತ್ತಿದ್ದರು. ಗಡಿಯಾರದ ಅಂಗಡಿಯವರಾದರೋ ಮಳೆಯ ದಿನವೂ ತಲೆ ಬಗ್ಗಿಸಿ ರಿಪೇರಿಯ ಕೆಲಸ ಮಾಡುತ್ತಿದ್ದರು. ಮಾರುವವನ ಕೈ ಗಿರಾಕಿಯನ್ನು ಕಾಯಬೇಕು, ವಿದ್ಯೆ ಬಲ್ಲವನ ಕೈಗೆ ಬಿಡುವಿಲ್ಲವೆಂಬುದನ್ನು ಹುಡುಗನು ಕಂಡುಕೊಂಡನು. ತಾನು ಗಡಿಯಾರದವನೇ ಆಗಬೇಕೆಂದು ನಿಶ್ಚಯಿಸಿ, ಒಂದೆರಡು ವರ್ಷಗಳ ತರುವಾಯ ಗಡಿಯಾರದ ಅಂಗಡಿಗಳಲ್ಲಿ ಸೇರಿ ಕೆಲಸ ಕಲಿತನು.

1877ರಲ್ಲಿ, ಹದಿನೇಳರ ಪ್ರಾಯದಲ್ಲಿ, ಅವನು ಮನೆಯ ಮುಂದೆಯೇ ಗಡಿಯಾರ ರಿಪೇರಿಯ ಹಲಗೆಯನ್ನು ತೂಗುಹಾಕಿದನು. 1881ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತನ್ನ ಹೆಸರಿನ ಅಂಗಡಿಯನ್ನು ತೆರೆದನು. ಕೆಟ್ಟುಹೋದ ಹಳೆಯ ಗಡಿಯಾರಗಳನ್ನು ಅಗ್ಗಕ್ಕೆ ಕೊಂಡು, ಸರಿಪಡಿಸಿ ಮಾರುವುದೇ ಮೊದಮೊದಲಿನ ವ್ಯಾಪಾರ. ಎರಡು ವರ್ಷ ತುಂಬುವುದರೊಳಗೆ, 1883ರಲ್ಲಿ, ಬೆಂಕಿ ಬಿದ್ದು ಅಂಗಡಿ ಸುಟ್ಟುಹೋಯಿತು. ಅವನು ಬೇರೆ ಬೀದಿಯಲ್ಲಿ ಮತ್ತೆ ಬಾಗಿಲು ತೆರೆದನು.

ಇಲ್ಲಿಂದ ಮುಂದೆ ಹತ್ತೋರಿಯ ಏಳಿಗೆಗೆ ಮೂಲವಾದುದು ಯಾವುದೆಂದು ವಿಚಾರಿಸಿದರೆ, ಉತ್ತರವು ಬಹು ಸರಳವಾಗಿದೆ. ವಿದೇಶದ ಗಡಿಯಾರಗಳು ಯೋಕೋಹಾಮಾ ಬಂದರಿನ ಪರದೇಶಿ ವರ್ತಕರ ಕೋಠಿಗಳಿಗೆ ಬರುತ್ತಿದ್ದವು. ಅವರು ಸಾಲದ ಮೇಲೆ ಮಾಲು ಕೊಟ್ಟು, ಇಷ್ಟು ದಿನಗಳಲ್ಲಿ ಹಣ ಸಲ್ಲಬೇಕೆಂದು ವಾಯಿದೆ ಹಾಕುತ್ತಿದ್ದರು. ಜಪಾನಿನ ವರ್ತಕರಲ್ಲಿಯಾದರೋ ವರ್ಷಕ್ಕೆ ಎರಡು ಸಲ, ಪಿತೃಗಳ ಹಬ್ಬಕ್ಕೊಮ್ಮೆ ವರ್ಷದ ಕೊನೆಗೊಮ್ಮೆ, ಲೆಕ್ಕ ಚುಕ್ತಾ ಮಾಡುವುದು ಹಿಂದಿನಿಂದ ಬಂದ ರೂಢಿ. ವಾಯಿದೆಯ ದಿನ ಕಳೆದರೂ ಅವರಿಗೆ ಅದು ತಪ್ಪಾಗಿ ಕಾಣುತ್ತಿರಲಿಲ್ಲ. ಹತ್ತೋರಿಯೊಬ್ಬನು ಹೇಳಿದ ದಿನಕ್ಕೆ ಹಣ ಸಲ್ಲಿಸಿದನು; ಒಂದು ಸಲವಲ್ಲ, ಪ್ರತಿ ಸಲವೂ. ಕ್ರಮೇಣ ಕೋಠಿಗಳವರು ಹೊಸ ಮಾಲು ಬಂದಾಗ ಅವನಿಗೇ ಮೊದಲು ತೋರಿಸತೊಡಗಿದರು; ಬೇರೆಯವರಿಗೆ ಕೊಡದಷ್ಟನ್ನು ಅವನಿಗೆ ಸಾಲವಾಗಿ ಕೊಟ್ಟರು. ಬಂಡವಾಳವಿಲ್ಲದ ಯುವಕನಿಗೆ ಮಾತೇ ಬಂಡವಾಳವಾಯಿತು.

1892ರಲ್ಲಿ ಹತ್ತೋರಿ ಮಾರುವವನಿಂದ ಮಾಡುವವನಾದನು. ಟೋಕಿಯೊವಿನ ಹಳೆಯ ಗಾಜಿನ ಕಾರ್ಖಾನೆಯ ಕಟ್ಟಡವೊಂದರಲ್ಲಿ ಹತ್ತಾರು ಜನ ಕೆಲಸಗಾರರೊಡನೆ ಸೀಕೋಶಾ ಎಂಬ ಕಾರ್ಖಾನೆ ಪ್ರಾರಂಭವಾಯಿತು. ನಯವಾದ, ಕರಾರುವಾಕ್ಕಾದ ಕೆಲಸದ ಮನೆಯೆಂಬುದು ಆ ಹೆಸರಿನ ತಾತ್ಪರ್ಯ. ತ್ಸುರುಹಿಕೋ ಯೋಶಿಕಾವಾ ಎಂಬ ಅಸಾಧಾರಣ ಯಂತ್ರಜ್ಞನು ಅವನ ಬಲಗೈಯಾಗಿದ್ದನು. ಮೊದಲಿಗೆ ಯಂತ್ರಗಳ ಚಕ್ರವನ್ನು ಆಳುಗಳೇ ತಿರುಗಿಸಬೇಕಾಗಿತ್ತು. ಮರುವರ್ಷ ಬೇರೆ ಜಾಗಕ್ಕೆ ಹೋದ ಮೇಲೆ ಉಗಿಯಂತ್ರ ಬಂದಿತು. ಗೋಡೆಯ ಗಡಿಯಾರಗಳಿಂದ ಆರಂಭಿಸಿ, 1895ರಲ್ಲಿ ಟೈಮ್‌ಕೀಪರ್ ಎಂಬ ಜೇಬುಗಡಿಯಾರವನ್ನು ಹೊರತಂದರು. ಇದರಲ್ಲಿ ಬಹುಕಾಲ ಲಾಭ ಕಾಣಲಿಲ್ಲ. ಗೋಡೆಯ ಗಡಿಯಾರದ ಲಾಭದಿಂದ ಜೇಬುಗಡಿಯಾರದ ನಷ್ಟವನ್ನು ತುಂಬುತ್ತ, ಹತ್ತೋರಿ ಕೆಲಸವನ್ನು ಬಿಡದೆ ನಡೆಸಿದನು.

1899ರಲ್ಲಿ ಅವನು ಅಮೆರಿಕ ಮತ್ತು ಯೂರೋಪುಗಳಿಗೆ ಪ್ರಯಾಣ ಮಾಡಿದನು. ವಿನೋದಕ್ಕಾಗಿ ಹೋದ ಪ್ರಯಾಣ ಅದಾಗಿರಲಿಲ್ಲ. ಅಲ್ಲಿನ ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಹೊಸ ಯಂತ್ರಗಳನ್ನು ಕೊಂಡು ಹಿಂದಿರುಗಿದನು. ಅವನೂ ಯೋಶಿಕಾವಾನೂ ಅವುಗಳನ್ನು ನಡೆಸಿದುದಷ್ಟೇ ಅಲ್ಲದೆ, ತಮಗೆ ಬೇಕಾದ ಯಂತ್ರಗಳನ್ನು ತಾವೇ ರೂಪಿಸುವಷ್ಟು ಪಳಗಿದರು. 1913ರಲ್ಲಿ ಲಾರೆಲ್ ಎಂಬ ಹೆಸರಿನ ಕೈಗಡಿಯಾರ ಹೊರಬಂದಿತು. ಜಪಾನಿನಲ್ಲಿ ತಯಾರಾದ ಮೊದಲನೆಯ ಕೈಗಡಿಯಾರ ಅದೇ. ಬೆಳ್ಳಿಯ ಕವಚ, ಪಿಂಗಾಣಿಯಂತೆ ಹೊಳೆಯುವ ಬಿಳಿಯ ಮುಖ. ದಿನವೊಂದಕ್ಕೆ 30ರಿಂದ 50ಕ್ಕಿಂತ ಹೆಚ್ಚು ತಯಾರಾಗುತ್ತಿರಲಿಲ್ಲವೆಂದರೆ ಅದರ ಹಿಂದಿನ ಬೆರಳುಗಳ ಶ್ರಮವನ್ನು ಊಹಿಸಬಹುದು.

ಹೀಗೆ ಮೂವತ್ತು ವರ್ಷ ಕಟ್ಟಿದುದು ಒಂದೇ ದಿನದಲ್ಲಿ ನೆಲಸಮವಾಯಿತು. 1923ರ ಸೆಪ್ಟೆಂಬರ್ 1ರಂದು, ನಡುಹಗಲು ಹನ್ನೆರಡಕ್ಕೆ ಎರಡು ನಿಮಿಷಗಳಿರುವಾಗ, ಟೋಕಿಯೊ ಪ್ರಾಂತದಲ್ಲಿ ಭೂಮಿ ನಡುಗಿತು. ಮಧ್ಯಾಹ್ನದ ಅಡುಗೆಯ ಒಲೆಗಳಿಂದ ಎದ್ದ ಬೆಂಕಿ ನಗರವನ್ನು ಆವರಿಸಿತು. ಲಕ್ಷಕ್ಕೆ ಮೀರಿದ ಜನ ಮಡಿದರು. ಹತ್ತೋರಿಯ ಕಾರ್ಖಾನೆ, ಅಂಗಡಿ, ಮನೆ ಎಲ್ಲವೂ ಬೂದಿಯಾದವು. ಆಗ ಅವನಿಗೆ ಅರವತ್ತು ದಾಟಿತ್ತು. ಇನ್ನು ಸಾಕೆಂದು ಕುಳಿತಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವನು ಮತ್ತೆ ಕಾರ್ಖಾನೆಯನ್ನು ಎಬ್ಬಿಸಲು ಹೊರಟನು.

ಆ ಬೆಂಕಿಯಲ್ಲಿ ಗಿರಾಕಿಗಳು ರಿಪೇರಿಗೆಂದು ಕೊಟ್ಟಿದ್ದ ಸುಮಾರು 1,500 ಗಡಿಯಾರಗಳೂ ಸುಟ್ಟಿದ್ದವು. ದೈವದ ಕೋಪಕ್ಕೆ ಅಂಗಡಿಯವನೇನು ಮಾಡಿಯಾನು? ಕೇಳಲು ಬಂದವರಿಗೆ ಬೂದಿಯನ್ನು ತೋರಿಸಿ ಕೈಮುಗಿದಿದ್ದರೆ ಅವರೂ ಒಪ್ಪಿ ಹೋಗುತ್ತಿದ್ದರು. ಆದರೆ ಹತ್ತೋರಿ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಿ, ಗಡಿಯಾರ ಕೊಟ್ಟವರೆಲ್ಲರೂ ಬಂದು ಅದಕ್ಕೆ ಸಮನಾದ ಹೊಸ ಗಡಿಯಾರವನ್ನು ಒಯ್ಯಬೇಕೆಂದು ತಿಳಿಸಿದನು. ತನ್ನದೇ ಮನೆಯಿಲ್ಲದ ಹೊತ್ತಿನಲ್ಲಿ ಪರರ ಒಡವೆಯ ಲೆಕ್ಕವನ್ನು ಒಪ್ಪಿಸಿದನು. ಈ ಒಂದು ಸಂಗತಿಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು.

ಮರುವರ್ಷವೇ, 1924ರಲ್ಲಿ, ಮುಖದ ಮೇಲೆ ಸೀಕೋ ಎಂಬ ಹೆಸರನ್ನು ಹೊತ್ತ ಮೊದಲನೆಯ ಕೈಗಡಿಯಾರ ಹೊರಬಂದಿತು. ಇಂದು ಲೋಕವೆಲ್ಲ ಬಲ್ಲ ಆ ಹೆಸರು ಹೀಗೆ ಬೂದಿಯಿಂದ ಎದ್ದುದು. 1929ರಲ್ಲಿ ಜಪಾನಿನ ರೈಲ್ವೆ ಇಲಾಖೆಯು ಅವನ ಜೇಬುಗಡಿಯಾರವನ್ನು ರೈಲು ನಡೆಸುವವರ ಗಡಿಯಾರವನ್ನಾಗಿ ಆರಿಸಿತು. 1930ರಲ್ಲಿ ಅವನು ವಿದ್ಯೆ ಮತ್ತು ಸಂಶೋಧನೆಗಳ ಪ್ರೋತ್ಸಾಹಕ್ಕಾಗಿ ನಿಧಿಯೊಂದನ್ನು ಸ್ಥಾಪಿಸಿದನು. ಹನ್ನೊಂದನೆಯ ವಯಸ್ಸಿಗೇ ದುಡಿಯಲು ನಿಂತವನು ಇತರರ ಓದಿಗೆಂದು ಧನವನ್ನು ಮೀಸಲಿಟ್ಟನೆಂಬುದನ್ನು ನಮ್ಮಂಥ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. 1932ರಲ್ಲಿ ಟೋಕಿಯೊವಿನ ಗಿಂಜಾ ಎಂಬ ದೊಡ್ಡ ಪೇಟೆಯ ಮೂಲೆಯಲ್ಲಿ, ಗಡಿಯಾರದ ಗೋಪುರವುಳ್ಳ ಅವನ ಹೊಸ ಕಟ್ಟಡವು ಪೂರ್ತಿಯಾಯಿತು. ಆ ಗೋಪುರವು ಇಂದಿಗೂ ಅಲ್ಲಿ ನಿಂತು ದಾರಿಹೋಕರಿಗೆ ಹೊತ್ತನ್ನು ತೋರಿಸುತ್ತಿದೆ. 1934ರ ಮಾರ್ಚ್ 1ರಂದು ಕಿಂತಾರೋ ಹತ್ತೋರಿ ಕಾಲವಶನಾದನು.

ಅವನ ಮನೆತನದ ಸಂಸ್ಥೆಯು 1960ರಲ್ಲಿ ಗ್ರ್ಯಾಂಡ್ ಸೀಕೋ ಎಂಬ ಉತ್ಕೃಷ್ಟ ಗಡಿಯಾರವನ್ನು ತಂದಿತು. 1964ರ ಟೋಕಿಯೊ ಒಲಿಂಪಿಕ್ ಪಂದ್ಯಗಳಲ್ಲಿ ಕಾಲವನ್ನು ಅಳೆಯಿತು. 1969ರ ಡಿಸೆಂಬರ್ 25ರಂದು ಸ್ಫಟಿಕದ ಕಂಪನದಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಮಾರಾಟಕ್ಕಿಟ್ಟಿತು. ಗ್ರ್ಯಾಂಡ್ ಸೀಕೋವಿನ ಕೆಲವು ಗಡಿಯಾರಗಳಿಗೆ ಇಂದು ಲಕ್ಷಗಟ್ಟಲೆ ರೂಪಾಯಿ ಬೆಲೆಯುಂಟು. ಅಷ್ಟು ಹಣ ತೆತ್ತು ಧರಿಸುವವರು ಅದರ ಹೊಳಪನ್ನು ಮೆಚ್ಚುವರು. ಆ ಹೊಳಪಿನ ಅಡಿಯಲ್ಲಿ ಯೋಕೋಹಾಮಾದಲ್ಲಿ ವಾಯಿದೆಗೆ ಸರಿಯಾಗಿ ಎಣಿಸಿಕೊಟ್ಟ ಹಣವಿದೆ, ಸುಟ್ಟ 1,500 ಗಡಿಯಾರಗಳ ಋಣ ತೀರಿಸಿದ ಮನಸ್ಸಿದೆ. ಕಣ್ಣಿಗೆ ಕಾಣದ ಚಕ್ರದ ಹಲ್ಲನ್ನೂ ಉಜ್ಜಿ ನಯಗೊಳಿಸುವ ಕೈಗೂ, ಯಾರೂ ಕೇಳದ ಸಾಲವನ್ನು ತೀರಿಸುವ ಮನಸ್ಸಿಗೂ ಬೇರೆ ಬೇರೆ ವಿದ್ಯೆ ಬೇಕೆಂದು ನನಗೆ ತೋರುವುದಿಲ್ಲ.

ಇನ್ನು ನನ್ನ ನೂರೈವತ್ತು ರೂಪಾಯಿಯ ಕಥೆ. ವಿದ್ಯಾರ್ಥಿವೇತನವೇನೋ ಬಂದಿತು. ಅದರಲ್ಲಿ ಒಂದು ಅಂಗಿ ಕೊಂಡೆನು. ಗೆಳೆಯರೊಡನೆ ಜೋಗಕ್ಕೆ ಹೋಗಿಬಂದೆನು. ಅಜ್ಜನ ಹಣ ಮುಂದಿನ ವಾರಕ್ಕೆ, ಅದರ ಮುಂದಿನ ವಾರಕ್ಕೆ ಎಂದು ಜಾರುತ್ತ ಹೋಯಿತು. ಕೊನೆಗೆ ನಾನು ಅವರ ಗೂಡಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟು, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸುತ್ತು ಹಾಕಿಕೊಂಡು ಕಾಲೇಜಿಗೆ ಬರತೊಡಗಿದೆನು. ಕೈಯಲ್ಲಿ ಅವರೇ ನಡೆಯುವಂತೆ ಮಾಡಿದ ಗಡಿಯಾರ. ಕಾಲು ಮಾತ್ರ ಕಳ್ಳನದು. ಮೂಟೆ ಹೊರುವ ನಮ್ಮ ತಂದೆ ಕಿರಾಣಿ ಅಂಗಡಿಯ ಲೆಕ್ಕವನ್ನು ಶನಿವಾರ ತಪ್ಪಿಸಿದವರಲ್ಲ. ಅವರಿಗೆ ಸಹಿ ಹಾಕುವಷ್ಟೇ ಅಕ್ಷರ ಬರುವುದು. ಪದವಿಯ ಹೊಸ್ತಿಲಲ್ಲಿರುವ ಮಗನು ಓಣಿ ಹಿಡಿದು ತಿರುಗುತ್ತಿದ್ದನು.

ಹತ್ತೋರಿಯ ಚರಿತ್ರೆಯನ್ನು ಓದಿ ಮುಗಿಸಿದ ಮರುದಿನ, ಬಿಡುವಿನಲ್ಲಿ ಮದುವೆಮನೆಯೊಂದರಲ್ಲಿ ಬಡಿಸುವ ಕೆಲಸಕ್ಕೆ ಹೋಗಿ ಸಂಪಾದಿಸಿದ ಹಣವನ್ನು ಕೊಂಡೊಯ್ದೆನು. ಐದು ತಿಂಗಳು ತಡವಾಗಿತ್ತು. ಅಜ್ಜನು ಹಣವನ್ನು ಎಣಿಸದೆ ಡಬ್ಬಿಗೆ ಹಾಕಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ನನ್ನ ಕೈಯನ್ನು ಹಿಡಿದೆಳೆದು ಗಡಿಯಾರವನ್ನು ಕಿವಿಗೆ ಹಚ್ಚಿ ಆಲಿಸಿದರು. ಅದು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿದೆಯೆಂದು ನಾನು ಹೇಳಿದೆನು. ಅವರು ಹಿಂದಿನ ಮುಚ್ಚಳವನ್ನು ತೆರೆದು, ಒಂದು ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ, ಮುಚ್ಚಿ ಕೊಟ್ಟರು. ಅದಕ್ಕೆ ಕೂಲಿ ಕೇಳಲಿಲ್ಲ.

ಈಗ ನಾನು ಕಾಲೇಜಿಗೆ ಅವರ ಅಂಗಡಿಯ ಮುಂದೆಯೇ ಬರುತ್ತೇನೆ.