ಒಂದು ಡಿಗ್ರಿಯ ಬೆಲೆ ತಿಳಿದಿದ್ದ ಲ್ಯಾಂಬ್ಟನ್

ನಮ್ಮ ಪಾಂಡವಪುರ ಕಡೆಯ ಆಲೆಮನೆಗಳಲ್ಲಿ ಬೆಲ್ಲದ ಪಾಕ ಹದಕ್ಕೆ ಬಂತೇ ಎಂದು ತಿಳಿಯಲು ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ ನೋಡುತ್ತಾರೆ. ಆ ಹದ ಸುಮಾರು 118 ಡಿಗ್ರಿ ಸೆಲ್ಸಿಯಸ್. ಅದನ್ನು ಥರ್ಮಿಸ್ಟರ್ ಮತ್ತು ಮೈಕ್ರೊಕಂಟ್ರೋಲರ್‌ನಿಂದ ಅಳೆಯುವುದು ನನ್ನ ಬಿಇ ಪ್ರಾಜೆಕ್ಟ್. ಆದರೆ ಕೊಪ್ಪರಿಗೆ ಇಳಿಸುವ ಹೊತ್ತಿಗೆ ನನ್ನ ಉಪಕರಣ ಒಮ್ಮೆ 114, ಒಮ್ಮೆ 117, ಇನ್ನೊಮ್ಮೆ 121 ತೋರಿಸುತ್ತಿತ್ತು. ಪ್ರದರ್ಶನಕ್ಕೆ ಎರಡೇ ವಾರ ಉಳಿದಿತ್ತು. ಪ್ರೋಗ್ರಾಂನಲ್ಲಿ ಅಷ್ಟಿಷ್ಟು ಕೂಡಿಸಿ, ಕಳೆದು 118 ಬರುವಂತೆ ಮಾಡಿಬಿಡೋಣ ಎಂದುಕೊಂಡಿದ್ದೆ. ಆಗ ಓದಿದ್ದು ವಿಲಿಯಂ ಲ್ಯಾಂಬ್ಟನ್ ಎಂಬಾತನ ಜೀವನವನ್ನು.

ಲ್ಯಾಂಬ್ಟನ್ ಹುಟ್ಟಿದ್ದು ಸುಮಾರು 1753ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬಡ ಕುಟುಂಬದಲ್ಲಿ. ಸೈನ್ಯ ಸೇರಿ ಅಮೆರಿಕಕ್ಕೆ ಹೋದ, ಯಾರ್ಕ್‌ಟೌನ್‌ನಲ್ಲಿ ಸೆರೆ ಸಿಕ್ಕ. ಬಿಡುಗಡೆಯಾದ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸೈನಿಕರ ವಸತಿ ನೋಡಿಕೊಳ್ಳುವ ಸಣ್ಣ ಹುದ್ದೆಯಲ್ಲಿ ಹತ್ತಾರು ವರ್ಷ ಕಳೆದ. ಬಡ್ತಿ ಇಲ್ಲ, ಹೆಸರಿಲ್ಲ. ಆ ಬಿಡುವಿನಲ್ಲಿ ಆತ ಗಣಿತ ಮತ್ತು ಖಗೋಳಶಾಸ್ತ್ರವನ್ನು ತಾನಾಗಿಯೇ ಓದಿಕೊಂಡ. ಭಾರತಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು.

ಆತನ ಬದುಕು ತಿರುಗಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಯುದ್ಧದಲ್ಲಿ ಆತ ಜನರಲ್ ಬೇರ್ಡ್‌ನ ಕೈಕೆಳಗಿದ್ದ. ಒಂದು ರಾತ್ರಿ ಪಡೆ ದಿಕ್ಕು ತಪ್ಪಿ ನಡೆಯುತ್ತಿತ್ತು. ನಕ್ಷತ್ರ ನೋಡಿ ಅದನ್ನು ಗುರುತಿಸಿದವನು ಲ್ಯಾಂಬ್ಟನ್. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಆ ಕೋಟೆಯ ಬಿರುಕನ್ನು ಚಿಕ್ಕಂದಿನಿಂದ ನೋಡಿ ಬೆಳೆದ ನನಗೆ, ಕೋಟೆ ಕೆಡವಿದವರಲ್ಲಿ ಒಬ್ಬನನ್ನು ಮೆಚ್ಚುವುದು ಸುಲಭವಾಗಿರಲಿಲ್ಲ. ಆತನ ನಕ್ಷೆ ಕಂಪನಿಯ ಆಳ್ವಿಕೆಗೇ ನೆರವಾಯಿತು. ಆದರೂ ಆತ ಅಳೆದ ರೀತಿಯಿಂದ ಕಲಿಯುವುದಿದೆ.

ಯುದ್ಧ ಮುಗಿದ ಮೇಲೆ, ದಕ್ಷಿಣ ಭಾರತವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಆತ ಮುಂದಿಟ್ಟ. ಈ ವಿಧಾನದಲ್ಲಿ ಒಂದು ಬದಿಯನ್ನು ನೆಲದ ಮೇಲೆ ಅಳೆದರೆ, ಉಳಿದವನ್ನು ಕೋನಗಳಿಂದ ಲೆಕ್ಕ ಹಾಕಬಹುದು. ಆ ಮೊದಲ ಗೆರೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ. 1800ರಲ್ಲಿ ಬೆಂಗಳೂರಿನ ಬಳಿ ಒಂದು ಗೆರೆ ಅಳೆದ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 12 ಕಿಲೋಮೀಟರಿನ ಗೆರೆಗೆ ಕೈ ಹಾಕಿದ. 100 ಅಡಿ ಉದ್ದದ ಉಕ್ಕಿನ ಸರಪಳಿಯನ್ನು 400 ಸಲ ಹಾಸಬೇಕಿತ್ತು.

ಉಕ್ಕು ಬಿಸಿಗೆ ಹಿಗ್ಗುತ್ತದೆ. 100 ಅಡಿಯ ಸರಪಳಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಮಾತ್ರ ಬೆಳೆಯುತ್ತದೆ. ಆದರೆ 12 ಕಿಲೋಮೀಟರಿಗೆ ಆ ಒಂದು ಡಿಗ್ರಿಯ ತಪ್ಪು ಸುಮಾರು 14 ಸೆಂಟಿಮೀಟರ್ ಆಗುತ್ತದೆ. ಅದಕ್ಕೇ ಸರಪಳಿಯನ್ನು ಐದು ಮರದ ಪೆಟ್ಟಿಗೆಗಳಲ್ಲಿ ಇಟ್ಟು, ಪ್ರತಿ ಪೆಟ್ಟಿಗೆಗೂ ಒಂದು ಥರ್ಮಾಮೀಟರ್ ಇಟ್ಟಿದ್ದ. ಪ್ರತಿ ಸಲವೂ ತಾಪಮಾನ ಓದಿ ಬರೆಯಬೇಕು. ಏಪ್ರಿಲ್, ಮೇ ತಿಂಗಳ ಮದ್ರಾಸಿನ ಬಿಸಿಲಲ್ಲಿ ಈ ಕೆಲಸಕ್ಕೆ 57 ದಿನ ಹಿಡಿಯಿತು. ಹೋಲಿಸಿ ನೋಡಲೆಂದೇ ಇನ್ನೊಂದು ಸರಪಳಿಯನ್ನು ಬೇರೆಯಾಗಿ ಇಟ್ಟಿದ್ದ.

ಆ ಗೆರೆಯಿಂದ ಬೆಳೆದ ತ್ರಿಕೋನಗಳು ಮೈಸೂರು ಸೀಮೆ ದಾಟಿ ಮಂಗಳೂರು ಮುಟ್ಟಿದಾಗ, ಪರ್ಯಾಯ ದ್ವೀಪದ ಅಗಲ ಹಳೆಯ ನಕ್ಷೆಗಳಲ್ಲಿ 40 ಮೈಲಿ ಹೆಚ್ಚಾಗಿ ಬಿದ್ದಿತ್ತೆಂದು ತಿಳಿಯಿತು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಅರ್ಧ ಟನ್ ತೂಕದ ಥಿಯೋಡೊಲೈಟ್ ಬಡಿದು ನಜ್ಜಾಯಿತು. ಲ್ಯಾಂಬ್ಟನ್ ಆರು ವಾರ ಕೂತು ಅದನ್ನು ತಾನೇ ಸರಿಪಡಿಸಿದ. ಸರ್ವೆ ಮಾಡುತ್ತಲೇ, 1823ರ ಜನವರಿ 20ರಂದು, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ ಈಗಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ ತೀರಿಕೊಂಡ. ಕೆಲಸ ಮುಂದುವರಿಸಿದ ಶಿಷ್ಯ ಜಾರ್ಜ್ ಎವರೆಸ್ಟ್‌ನ ಹೆಸರು ಶಿಖರಕ್ಕೇರಿತು.

ಇದನ್ನು ಓದಿದ ಮೇಲೆ ಕೂಡಿಸಿ ಕಳೆಯುವ ಯೋಚನೆ ಬಿಟ್ಟೆ. ತಪ್ಪು ಎಲ್ಲಿದೆ ಎಂದು ಹುಡುಕಿದೆ. ನನ್ನ ಥರ್ಮಿಸ್ಟರ್‌ನ ರೋಧ 25 ಡಿಗ್ರಿಯಲ್ಲಿ 10,000 ಓಮ್. 118 ಡಿಗ್ರಿಯಲ್ಲಿ ಅದು ಸುಮಾರು 430 ಓಮ್‌ಗೆ ಇಳಿಯುತ್ತದೆ. ನಾನು ಜೊತೆಗೆ ಹಾಕಿದ್ದು 10,000 ಓಮ್‌ನ ರೆಸಿಸ್ಟರ್. ಮೈಕ್ರೊಕಂಟ್ರೋಲರ್ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಆ ಬಿಸಿಯಲ್ಲಿ ಒಂದು ಡಿಗ್ರಿ ಏರಿದರೆ ಬದಲಾಗುತ್ತಿದ್ದುದು ಸುಮಾರು ಒಂದೇ ಅಂಕಿ! 470 ಓಮ್‌ನ ರೆಸಿಸ್ಟರ್ ಹಾಕಿದ ಮೇಲೆ ಆರಕ್ಕಿಂತ ಹೆಚ್ಚು ಅಂಕಿ ಬದಲಾಯಿತು. ಕರಗುವ ಐಸಿನಲ್ಲೂ ಕುದಿಯುವ ನೀರಿನಲ್ಲೂ ಇಟ್ಟು ನೋಡಿದೆ. ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರ್ ಎತ್ತರದ ನಮ್ಮೂರಿನಲ್ಲಿ ನೀರು 100ಕ್ಕಲ್ಲ, 98ರ ಆಸುಪಾಸಿನಲ್ಲೇ ಕುದಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡೆ.

ಈಗಲೂ ನನ್ನ ಉಪಕರಣ ಒಂದು ಡಿಗ್ರಿ ಅತ್ತಿತ್ತ ಆಗುತ್ತದೆ. ಅದನ್ನು ವರದಿಯಲ್ಲಿ ಹಾಗೆಯೇ ಬರೆದಿದ್ದೇನೆ. ಅಂಕ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಕೆಲಸ ಸಿಗಲಿಲ್ಲ, ವಯಸ್ಸಾಯಿತು ಎಂದು ಕೊರಗುವ ಗೆಳೆಯರಿಗೆ ಒಂದು ಮಾತು: ಲ್ಯಾಂಬ್ಟನ್ ತನ್ನ ನಿಜವಾದ ಕೆಲಸ ಶುರುಮಾಡಿದಾಗ ಆತನಿಗೆ ಹೆಚ್ಚುಕಡಿಮೆ 47 ವರ್ಷ. ಅಲ್ಲಿಯವರೆಗೆ ಯಾರೂ ಕೇಳದಿದ್ದರೂ ಓದುತ್ತಲೇ ಇದ್ದ.