ಚಿಂಚೋಳಿಯ ವಕೀಲ ಮತ್ತು ಮುಖ್ಯಮಂತ್ರಿಯ ಕುರ್ಚಿ

ನಮ್ಮವರೊಬ್ಬರು ಮುಖ್ಯಮಂತ್ರಿಯಾದರೆ ನಮ್ಮ ಸೀಮೆಯ ಬವಣೆ ನೀಗುತ್ತದೆ ಎಂಬ ನಂಬಿಕೆ ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಹೊಸತಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಿಂದ ಆ ಪದವಿಗೇರಿದ ಮೊದಲಿಗರು ಇದೇ ಕಲಬುರಗಿ ಜಿಲ್ಲೆಯ ಚಿಂಚೋಳಿಯ ವೀರೇಂದ್ರ ಪಾಟೀಲರು.

1924ರಲ್ಲಿ ಜನಿಸಿದ ಪಾಟೀಲರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ವಕೀಲರಾದರು. ಶಾಸಕರಾಗಿ, ಸಚಿವರಾಗಿ ಬೆಳೆದು 1968ರಲ್ಲಿ ನಿಜಲಿಂಗಪ್ಪನವರ ನಂತರ ಮುಖ್ಯಮಂತ್ರಿಯಾದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರ ಬಣದಲ್ಲೇ ಉಳಿದರು. 1971ರಲ್ಲಿ ಸರ್ಕಾರ ಉರುಳಿತು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರೆದುರು ಸೋತ ಅವರು, ಮುಂದೆ ಇಂದಿರಾ ಅವರ ಪಕ್ಷವನ್ನೇ ಸೇರಿ ಕೇಂದ್ರ ಸಚಿವರಾದರು.

1989ರಲ್ಲಿ ಅವರ ಮುಂದಾಳತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಆದರೆ ಆ ಬಹುಮತ ಅವರನ್ನು ಕಾಯಲಿಲ್ಲ. 1990ರ ಅಕ್ಟೋಬರ್‌ನಲ್ಲಿ ಕೋಮುಗಲಭೆಗಳ ನಡುವೆ, ಅವರು ಅನಾರೋಗ್ಯದಿಂದ ಬಳಲುತ್ತಿದ್ದಾಗಲೇ ಹೈಕಮಾಂಡ್ ಅವರನ್ನು ಕೆಳಗಿಳಿಸಿತು. 1997ರಲ್ಲಿ ಅವರು ನಿಧನರಾದರು.

2004ರಲ್ಲಿ ಜೇವರ್ಗಿಯ ಶಾಸಕ ಧರ್ಮಸಿಂಗ್ ಅವರೂ ಮುಖ್ಯಮಂತ್ರಿಯಾದರು; ಅವರೂ ಉಸ್ಮಾನಿಯಾದಲ್ಲೇ ಕಾನೂನು ಓದಿದವರು. ಆದರೂ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಈ ಭಾಗಕ್ಕೆ ಮೀಸಲಾತಿಯ ದಾರಿ ತೆರೆದದ್ದು 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 371(ಜೆ) ವಿಧಿ. ದೆಹಲಿ ಕೊಟ್ಟ ಕುರ್ಚಿಯನ್ನು ದೆಹಲಿಯೇ ಕಿತ್ತುಕೊಳ್ಳಬಹುದು. ಸಂವಿಧಾನದಲ್ಲಿ ಬರೆದ ಹಕ್ಕನ್ನು ಅಷ್ಟು ಸುಲಭವಾಗಿ ಕಸಿಯಲಾಗದು. ಪಾಟೀಲರ ಬದುಕಿನಿಂದ ಈ ಸೀಮೆಯ ಮತದಾರರು ಕಲಿಯಬೇಕಾದದ್ದು ಇದನ್ನೇ.